ಮರಗೊಯ್ಯುವ ಯಂತ್ರ: ವರ್ಷದ ಹತ್ತು ದಿನಕ್ಕೆ ಎಂಥದ್ದು ಬೇಕು?

ಕಳೆದ ಜೂನಿನ ಒಂದು ರಾತ್ರಿ ಗಾಳಿಮಳೆಗೆ ಗೇಟಿನ ಬಳಿಯ ಹಲಸಿನ ದೊಡ್ಡ ಗೆಲ್ಲು ಮುರಿದು ದಾರಿಗೆ ಅಡ್ಡ ಬಿತ್ತು. ಬೆಳಗ್ಗೆ ಅಮ್ಮನನ್ನು ಡಯಾಲಿಸಿಸ್‌ಗೆ ಪುತ್ತೂರಿಗೆ ಕರೆದೊಯ್ಯಬೇಕಿತ್ತು. ‘ಗಾಬರಿ ಬೇಡ, ಯಂತ್ರ ಉಂಟಲ್ಲ’ ಎಂದು ಅಟ್ಟದಿಂದ ಚೈನ್‌ಸಾ ಇಳಿಸಿದೆ. ಹಗ್ಗ ಎಳೆದೆ, ಎಳೆದೆ, ರಟ್ಟೆ ಸೋತಿತು. ಸ್ಟಾರ್ಟ್ ಆಗಲೇ ಇಲ್ಲ. ನೆರೆಕರೆಯವರು ಕೊಡಲಿ, ಕೈಗರಗಸ ಹಿಡಿದು ಬಂದು ದಾರಿ ಬಿಡಿಸುವಾಗ ಗಂಟೆ ಹನ್ನೊಂದು. ಅಮ್ಮನ ಸರದಿ ತಪ್ಪಿ ರಾತ್ರಿಗೆ ಹೋಯಿತು.

ಯಂತ್ರವನ್ನು ಪೇಟೆಯ ಮೆಕ್ಯಾನಿಕ್‌ಗೆ ತೋರಿಸಿದೆ. ‘ಅಣ್ಣಾ, ಜನವರಿಯ ಪೆಟ್ರೋಲ್ ಇನ್ನೂ ಒಳಗೇ ಉಂಟಲ್ಲ!’ ಎಂದರು. ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟಿತ್ತು. ಪೆಟ್ರೋಲ್ ಎಳೆದುಕೊಡುವ ಡಯಾಫ್ರಾಂ ಎಂಬ ತೆಳು ಪೊರೆ ಸೆಟೆದುಕೊಂಡಿತ್ತು. ಸಣ್ಣ ಸಾಮಾನು, ಆದರೆ ಆ ಕಂಪೆನಿಯದ್ದು ಎಲ್ಲೂ ಸಿಗಲಿಲ್ಲ. ಅರ್ಧ ತಪ್ಪು ನಾನು ಇಟ್ಟ ಕ್ರಮದ್ದು, ಇನ್ನರ್ಧ ಆಯ್ಕೆಯದ್ದು. ಈ ಎರಡನ್ನೂ ತಿದ್ದಿಕೊಂಡ ಅನುಭವ ಇಲ್ಲಿದೆ.

ಮೊದಲು ಬಿಡಿಭಾಗ, ಮತ್ತೆ ಯಂತ್ರ

ನಾನು ಮೊದಲು ಕೊಂಡದ್ದು ಕ್ರಯ ನೋಡಿ. ‘58 ಸಿ.ಸಿ., 22 ಇಂಚು’ ಎಂಬ ಚೀಟಿಗೆ ಮರುಳಾದೆ. ಈಗ ಯಾರು ಕೇಳಿದರೂ ಹೇಳುವುದು ಒಂದೇ: ನಿಮ್ಮ ಹತ್ತಿರದ ಪೇಟೆಯಲ್ಲಿ ಯಾವುದನ್ನು ರಿಪೇರಿ ಮಾಡುತ್ತಾರೋ ಅದನ್ನು ಕೊಳ್ಳಿ. ಜರ್ಮನಿಯ ಸ್ಟಿಲ್, ಸ್ವೀಡನ್ನಿನ ಹಸ್ಕ್‌ವರ್ನ ಹಳೆಯ ಹೆಸರುಗಳು, ಕ್ರಯವೂ ಹೆಚ್ಚು. ಆದರೆ ಹೆಸರೊಂದೇ ಸಾಲದು. ಅಂಗಡಿಗೆ ಹೋದಾಗ ಯಂತ್ರದ ಮೊದಲು ಚೈನ್, ಬಾರ್, ಪ್ಲಗ್, ಸ್ಟಾರ್ಟರ್ ಹಗ್ಗ, ಡಯಾಫ್ರಾಂ ಕಿಟ್ ತೋರಿಸಲು ಹೇಳಿ. ‘ತರಿಸಿ ಕೊಡುವಾ’ ಎಂದರೆ ಇನ್ನೊಂದು ಅಂಗಡಿ ನೋಡಿ.

ಎಷ್ಟು ದೊಡ್ಡದು?

ಬಿದ್ದ ಅಡಿಕೆ ಮರ, ತೆಂಗು, ಗೆಲ್ಲು, ಸೌದೆ – ನಮ್ಮ ಕೆಲಸ ಇಷ್ಟೇ. ಇದಕ್ಕೆ 35ರಿಂದ 45 ಸಿ.ಸಿ.ಯ ಎಂಜಿನ್, 14 ಅಥವಾ 16 ಇಂಚಿನ ಬಾರ್ ಧಾರಾಳ. ಬಾರಿಗಿಂತ ದಪ್ಪದ ದಿಮ್ಮಿಯನ್ನೂ ಎರಡು ಬದಿಯಿಂದ ಕೊಯ್ಯಬಹುದು. ಇಂಥವು ಬಾರ್, ಚೈನ್ ಬಿಟ್ಟು ನಾಲ್ಕರಿಂದ ಐದು ಕಿಲೋ ತೂಗುತ್ತವೆ. ದೊಡ್ಡದನ್ನು ಅರ್ಧ ಗಂಟೆ ಹಿಡಿದರೆ ಕೈ ಸೋಲುತ್ತದೆ. ಕೈ ಸೋತಾಗಲೇ ಅಪಾಯ. ಮೋಪಿನ ದೊಡ್ಡ ಮರವಿದ್ದರೆ ಕಸುಬಿನವರನ್ನು ಕರೆಯುವುದೇ ವಾಸಿ.

ಅಂಗಳದಲ್ಲಿ ಸೌದೆ ತುಂಡು ಮಾಡಲು ಮಾತ್ರವಾದರೆ ವಿದ್ಯುತ್ ಚೈನ್‌ಸಾ ಸಾಕು. ಪೆಟ್ರೋಲಿನ ತಲೆಬಿಸಿ ಇಲ್ಲ. ಆದರೆ ಮರ ಬೀಳುವ ದಿನ ನಮ್ಮಲ್ಲಿ ಕರೆಂಟೂ ಇರುವುದಿಲ್ಲ! ಬ್ಯಾಟರಿಯದ್ದು ಗೆಲ್ಲು ಸವರಲು ಒಳ್ಳೆಯದು, ಚಾರ್ಜ್ ಮಾಡಿ ಇಟ್ಟಿದ್ದರೆ.

ಬ್ರೇಕ್ ನೋಡದೆ ದುಡ್ಡು ಕೊಡಬೇಡಿ

ಬಾರಿನ ತುದಿಯ ಮೇಲಿನ ಭಾಗ ಮರಕ್ಕೆ ತಗುಲಿದರೆ ಯಂತ್ರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ನಮ್ಮ ಮುಖದತ್ತ ಚಿಮ್ಮುತ್ತದೆ. ಆಗ ಚೈನನ್ನು ನಿಲ್ಲಿಸುವುದು ಮುಂದಿನ ಹಿಡಿಕೆಯೆದುರಿನ ಗಾರ್ಡ್, ಅದುವೇ ಬ್ರೇಕ್. ಅಂಗಡಿಯಲ್ಲಿ ಎಂಜಿನ್ ನಿಲ್ಲಿಸಿ, ಕೈಗವಸು ಹಾಕಿ ಚೈನ್ ಎಳೆದು ನೋಡಿ, ಸುತ್ತಬೇಕು. ಗಾರ್ಡನ್ನು ಮುಂದಕ್ಕೆ ದೂಡಿ ಎಳೆಯಿರಿ, ಅಲ್ಲಾಡಕೂಡದು. ಹಿಂದಿನ ಹಿಡಿಕೆಯ ಮೇಲಿನ ಲಾಕ್ ಒತ್ತದೆ ಎಕ್ಸಲರೇಟರ್ ಒತ್ತಲು ಬರಬಾರದು. ಕೆಲಸದಲ್ಲಿ ಎರಡೂ ಕೈ ಯಂತ್ರದ ಮೇಲೆಯೇ ಇರಲಿ. ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯುವುದು ಬೇಡ. ಏಣಿ ಹತ್ತಿ ಕೊಯ್ಯುವುದಂತೂ ಬೇಡವೇ ಬೇಡ.

ಪೆಟ್ರೋಲ್ ಒಳಗೆ ಬಿಟ್ಟರೆ ಕೆಟ್ಟಿತು

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಇದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ಪೊರೆಗೂ ಪೈಪಿಗೂ ಹಾನಿ. ಆದ್ದರಿಂದ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ. ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿ ಟು-ಸ್ಟ್ರೋಕ್ ಆಯಿಲ್. 25:1 ಎಂದಿದ್ದರೆ 40 ಮಿಲಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಏರ್ ಫಿಲ್ಟರಿನ ಹುಡಿ ಕೊಡವಿ ಇಡಿ. ಮೇ ತಿಂಗಳಲ್ಲಿ ತೋಟದ ಚರಂಡಿ ಬಿಡಿಸುತ್ತೇವಲ್ಲ, ಆಗಲೇ ಹೊಸ ಪೆಟ್ರೋಲ್ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ.

ಹುಡಿಯೋ, ಚಕ್ಕೆಯೋ?

ಇಂದಿನ ಚೈನಿನ ಹಲ್ಲು ಹುಳದಿಂದ ಕಲಿತದ್ದು. 1946ರಲ್ಲಿ ಅಮೆರಿಕದ ಮರ ಕಡಿಯುವ ಜೋಸೆಫ್ ಕಾಕ್ಸ್ ಎಂಬವರು ಮರ ಕೊರೆಯುವ ಹುಳ ಎಡಕ್ಕೂ ಬಲಕ್ಕೂ ಕೆತ್ತುವುದನ್ನು ಗಮನಿಸಿ ಅದೇ ತರಹದ ಹಲ್ಲು ಮಾಡಿದರು. ಹರಿತವಾದ ಹಲ್ಲು ಮರವನ್ನು ಚಕ್ಕೆಯಾಗಿ ಕೆತ್ತಬೇಕು. ನುಣ್ಣಗೆ ಹುಡಿ ಬೀಳತೊಡಗಿದರೆ ಹಲ್ಲು ಮೊಂಡಾಯಿತೆಂದೇ ಅರ್ಥ. ಆಗ ಒತ್ತಿ ಕೊಯ್ದರೆ ಬಾರೂ ಎಂಜಿನ್ನೂ ಬಿಸಿಯೇರುತ್ತವೆ. ತೆಂಗಿನ ಮರದ ಹೊರಭಾಗ ಬಲು ಗಟ್ಟಿ, ಹಲ್ಲು ಬೇಗ ಮೊಂಡಾಗುತ್ತದೆ. ಚೈನಿಗೆ ಒಪ್ಪುವ ದುಂಡು ಅರ ಯಂತ್ರದ ಜತೆಗೇ ಕೊಳ್ಳಿ, ಅಳತೆ ಪುಸ್ತಕದಲ್ಲಿರುತ್ತದೆ. ಎಲ್ಲ ಹಲ್ಲಿಗೂ ಒಂದೇ ಲೆಕ್ಕದಲ್ಲಿ ಎರಡು ಮೂರು ಸಲ ಅರ ಹಾಕಿದರೆ ಸಾಕು.

ಚೈನಿಗೆ ಪ್ರತ್ಯೇಕ ಎಣ್ಣೆಯ ಟ್ಯಾಂಕ್ ಇದೆ. ಬೈಕಿನಿಂದ ತೆಗೆದ ಕಪ್ಪು ಆಯಿಲ್ ಹಾಕಬೇಡಿ, ಅದರಲ್ಲಿ ಲೋಹದ ಹುಡಿ ಇರುತ್ತದೆ. ಎಣ್ಣೆ ಬರುತ್ತದೋ ನೋಡಲು ಬಾರಿನ ತುದಿಯನ್ನು ಅಡಿಕೆ ಹಾಳೆಗೆ ತಾಗದಂತೆ ಹಿಡಿದು ಎಂಜಿನ್ ಜೋರು ಮಾಡಿ. ಹಾಳೆಯ ಮೇಲೆ ಎಣ್ಣೆಯ ಗೆರೆ ಮೂಡಬೇಕು.

ಆಗಸ್ಟಿನಲ್ಲಿ 16 ಇಂಚಿನ ಯಂತ್ರ ಕೊಂಡೆ. ಹಿಂದಿನದಕ್ಕಿಂತ ಕ್ರಯ ಜಾಸ್ತಿಯೇ ಆಯಿತು. ಆದರೆ ರಿಪೇರಿಯ ಅಂಗಡಿ ಎಂಟು ಕಿಲೋಮೀಟರ್ ದೂರದಲ್ಲಿದೆ, ಒಂದು ಡಯಾಫ್ರಾಂ ಕಿಟ್ ಮನೆಯಲ್ಲೇ ಇದೆ. ವರ್ಷಕ್ಕೆ ಹತ್ತು ದಿನದ ಕೆಲಸವೂ ಇಲ್ಲದವರು ಬಾಡಿಗೆಗೆ ಕರೆಯುವುದೇ ಲಾಭ. ಕೊಳ್ಳುವವರು ಒಂದು ನೆನಪಿಟ್ಟುಕೊಳ್ಳಿ: ನಮಗೆ ಬೇಕಾದ್ದು ದಿನವಿಡೀ ಓಡುವ ಯಂತ್ರವಲ್ಲ, ಆರು ತಿಂಗಳು ಸುಮ್ಮನೆ ಮಲಗಿ ಕರೆದಾಗ ಏಳುವ ಯಂತ್ರ.