ಊರೂರು ಸುತ್ತೋ ಬ್ಯಾಂಡ್‌ಗಳು ಚುಂಚನಕಟ್ಟೆ ದಾರಿಗೆ ಯಾಕೆ ಬರಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಪ್ರಶ್ನೆ ಇದು. ಸಿನಿಮಾ ಇಲ್ಲ, ದೊಡ್ಡ ಮ್ಯೂಸಿಕ್ ಕಂಪನಿ ಬೆನ್ನಿಗಿಲ್ಲ, ರಿಯಾಲಿಟಿ ಶೋ ಇಲ್ಲ. ಹಾಗಿದ್ರೂ ಒಂದು ಬ್ಯಾಂಡ್ ಹದಿನೈದು-ಇಪ್ಪತ್ತು ವರ್ಷ ಹೇಗೆ ಬದುಕುತ್ತೆ? ಅದಕ್ಕೆ ಕೇಳುಗರು ಎಲ್ಲಿಂದ ಬರ್ತಾರೆ?

ಒಂದೇ ಮಾತಲ್ಲಿ ಹೇಳೋದಾದ್ರೆ: ಸುತ್ತಾಟದಿಂದ. ಒಂದು ಸಲ ಹೋದ ಊರಿಗೆ ಮತ್ತೆ ಮತ್ತೆ ಹೋಗೋದ್ರಿಂದ. ಇದು ಕೇಳೋಕೆ ಸುಲಭ, ಆದ್ರೆ ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. ಆ ಲೆಕ್ಕ ಅರ್ಥ ಆದ್ರೆ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ನಮ್ಮಂಥವರು ಈ ಬ್ಯಾಂಡ್‌ಗಳನ್ನ ಬರೀ ಫೋನಲ್ಲೇ ಯಾಕೆ ಕೇಳ್ಬೇಕಾಗಿದೆ ಅನ್ನೋದೂ ಅರ್ಥ ಆಗುತ್ತೆ.

ಮೊದಲು, ಕಂಟ್ರಿ-ರಾಕ್ ಅಂದ್ರೆ ಏನು?

ಅಮೆರಿಕದ ಹಳ್ಳಿಗಾಡಿನ ಹಾಡುಗಳಿಗೆ ಅಲ್ಲಿ ಕಂಟ್ರಿ ಮ್ಯೂಸಿಕ್ ಅಂತಾರೆ. ಅದಕ್ಕೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಸ್ ಸೇರಿಸಿದ್ರೆ ಕಂಟ್ರಿ-ರಾಕ್. 1968ರಲ್ಲಿ ದಿ ಬರ್ಡ್ಸ್ ಅನ್ನೋ ಬ್ಯಾಂಡ್ 'ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ' ಅನ್ನೋ ಆಲ್ಬಂ ತಂದಿತು. ಈ ಶೈಲಿಯ ಮೊದಲ ದೊಡ್ಡ ಆಲ್ಬಂಗಳಲ್ಲಿ ಅದೂ ಒಂದು.

ಸುತ್ತಾಟಕ್ಕೆ ಹೆಸರಾದವರು ಅಂದ್ರೆ ಗ್ರೇಟ್‌ಫುಲ್ ಡೆಡ್. 1970ರಲ್ಲಿ ಎರಡು ಆಲ್ಬಂಗಳಲ್ಲಿ ಇವರೂ ಕಂಟ್ರಿ ಕಡೆಗೆ ವಾಲಿದ್ರು. 1965ರಿಂದ 1995ರವರೆಗೆ, ಮೂವತ್ತು ವರ್ಷದಲ್ಲಿ ಸುಮಾರು 2,300 ಕಾರ್ಯಕ್ರಮ ಕೊಟ್ರು. ಅಭಿಮಾನಿಗಳು ಕಾರ್ಯಕ್ರಮಾನ ಟೇಪಲ್ಲಿ ರೆಕಾರ್ಡ್ ಮಾಡ್ಕೊಳ್ಳೋಕೆ ಬಿಟ್ರು. 1984ರಿಂದ ಟೇಪ್ ಮಾಡೋರಿಗೆ ಅಂತಲೇ ಬೇರೆ ಜಾಗ ಇಟ್ರು. ಆ ಟೇಪುಗಳು ಕೈಯಿಂದ ಕೈಗೆ ಹೋದ್ವು, ಕೇಳಿದವರು ಮುಂದಿನ ಕಾರ್ಯಕ್ರಮಕ್ಕೆ ಬಂದ್ರು. ಹಾಡು ಕೈಗೆ ಸಿಕ್ಕಿದ್ರೂ ಜನ ಟಿಕೆಟ್ ತಗೊಳ್ಳೋದು ನಿಲ್ಲಿಸಲಿಲ್ಲ ಅನ್ನೋದು ಇಲ್ಲಿ ಗಮನಿಸಬೇಕಾದ ವಿಷಯ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಜನಪದ-ರಾಕ್. ತತ್ವಪದ, ದಾಸರ ಪದ, ಜಾನಪದ ಮಟ್ಟು ಒಂದು ಕಡೆ, ಗಿಟಾರು-ಡ್ರಮ್ಸ್ ಇನ್ನೊಂದು ಕಡೆ. ಇದರಲ್ಲಿ ಹೆಸರು ಮಾಡಿದ ಇಬ್ಬರು ಮೈಸೂರಿನ ಅಣ್ಣ-ತಮ್ಮ, ರಘು ದೀಕ್ಷಿತ್ ಮತ್ತು ವಾಸು ದೀಕ್ಷಿತ್.

ಸ್ವರಾತ್ಮ: ಒಂದು ಬ್ಯಾಂಡಿನ ದಾರಿ

ರಘು ದೀಕ್ಷಿತ್ ಮೊದಲು 'ಅಂತರಾಗ್ನಿ' ಅನ್ನೋ ಬ್ಯಾಂಡ್ ಕಟ್ಟಿದ್ರು. ಆಮೇಲೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಬಂತು, 2008ರಲ್ಲಿ ಮೊದಲ ಆಲ್ಬಂ ಬಂತು. ಸಂತ ಶಿಶುನಾಳ ಶರೀಫರ ಪದಗಳನ್ನ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡ್ತಾ ಬ್ರಿಟನ್ ತನಕ ಹೋದ್ರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ರು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಸಿಕ್ತು.

ಇವತ್ತು ಹೆಚ್ಚು ಮಾತಾಡೋದು ತಮ್ಮ ವಾಸು ಹಾಡೋ 'ಸ್ವರಾತ್ಮ' ಬಗ್ಗೆ. ಯಾಕಂದ್ರೆ ಒಬ್ಬರ ಹೆಸರಲ್ಲದೆ, ಒಂದು ಗುಂಪಾಗಿ ವರ್ಷಾನುಗಟ್ಟಲೆ ದಾರಿ ಸವೆಸಿದ ಬ್ಯಾಂಡ್ ಇದು. 2006ರಲ್ಲಿ ರೇಡಿಯೋ ಸಿಟಿಯ ಬ್ಯಾಂಡ್ ಸ್ಪರ್ಧೆ ಗೆದ್ದ ಮೇಲೆ ಹೆಚ್ಚು ಜನಕ್ಕೆ ಗೊತ್ತಾಯ್ತು. 2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ 'ಸೌಂಡ್‌ಪ್ಯಾಡ್' ಯೋಜನೆಗೆ ಆಯ್ಕೆ ಆಯ್ತು. ರೇಡಿಯೋಹೆಡ್ ಬ್ಯಾಂಡಿನ ಆಲ್ಬಂ ಮಾಡಿದ್ದ ನಿರ್ಮಾಪಕ ಜಾನ್ ಲೆಕಿ ಅವರ ಜೊತೆ ರೆಕಾರ್ಡಿಂಗ್, ಆಮೇಲೆ ಬ್ರಿಟನ್ ಪ್ರವಾಸ.

ಈಗ ಆಲ್ಬಂಗಳ ವರ್ಷ ನೋಡಿ. ಮೊದಲನೇದು 2009, ಎರಡನೇದು 'ಟೋಪಿವಾಲೆ' 2012, ಮೂರನೇದು 'ರಾಹ್-ಎ-ಫಕೀರಾ' 2018. ಒಂಬತ್ತು ವರ್ಷಕ್ಕೆ ಮೂರೇ ಆಲ್ಬಂ. ಹಾಗಾದ್ರೆ ನಡುವಿನ ವರ್ಷಗಳಲ್ಲಿ ಬ್ಯಾಂಡನ್ನ ಜೀವಂತ ಇಟ್ಟಿದ್ದು ಏನು? ವೇದಿಕೆ. ಕಾಲೇಜು ಫೆಸ್ಟು, ಊರಿಂದೂರಿನ ಸಂಗೀತ ಉತ್ಸವ, ಪಬ್ಬು, ಕಂಪನಿಗಳ ಕಾರ್ಯಕ್ರಮ.

ವೇದಿಕೆ ಮೇಲೆ ಇವರು ಬಣ್ಣ ಬಣ್ಣದ ಬಟ್ಟೆ ಹಾಕ್ತಾರೆ. ಕೀಲುಕುದುರೆ ಥರ ಸೊಂಟಕ್ಕೆ ಕುದುರೆ ಕಟ್ಕೊಂಡು ವಾಸು ಕುಣಿಯೋದು ನೋಡಿದವರಿಗೆ ಮರೆಯಲ್ಲ. ಇದು ಬರೀ ಗಿಮಿಕ್ ಅಂದ್ಕೋಬೇಡಿ. ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದ ಭಾಷೆಯ ಜನರ ಎದುರು ನಿಂತಾಗ ಮೊದಲ ಐದು ನಿಮಿಷದಲ್ಲಿ ಅವರನ್ನ ಹಿಡಿಯಬೇಕು. ಜಾತ್ರೆಯಲ್ಲಿ ಆಡೋ ಕಲಾವಿದರಿಗೆ ಇದು ಯಾವತ್ತೋ ಗೊತ್ತಿತ್ತು.

ಫೋನಲ್ಲಿ ಕೇಳಿದ್ರೆ ಸಾಲಲ್ವಾ?

ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂತು. ಯೂಟ್ಯೂಬ್ ಅದಕ್ಕೂ ಮುಂಚೆಯೇ ಇತ್ತು. ಹಾಡು ತಲುಪೋದು ಸುಲಭ ಆಯ್ತು, ನಿಜ. ಆದ್ರೆ ದುಡ್ಡು? ಒಂದು ಸಲ ಪ್ಲೇ ಆದ್ರೆ ಬರೋದು ಪೈಸೆ ಲೆಕ್ಕ. ಅದೂ 2024ರಿಂದ ಸ್ಪಾಟಿಫೈ ಒಂದು ನಿಯಮ ಮಾಡಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೂಡ ಪ್ಲೇ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಚಿಕ್ಕ ಬ್ಯಾಂಡ್‌ನ ಎಷ್ಟೋ ಹಾಡುಗಳು ಈ ಗೆರೆಯ ಕೆಳಗೇ ಉಳಿದುಬಿಡ್ತವೆ.

ಹಾಗಾಗಿ ಇವತ್ತು ಆನ್‌ಲೈನ್ ಹಾಡು ಅನ್ನೋದು ಹೆಚ್ಚಿನ ಬ್ಯಾಂಡ್‌ಗಳಿಗೆ ವಿಸಿಟಿಂಗ್ ಕಾರ್ಡ್ ಇದ್ದ ಹಾಗೆ. ಊಟ ಹಾಕೋದು ಕಾರ್ಯಕ್ರಮ. 2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ಇದು ಎಲ್ಲರಿಗೂ ಅರ್ಥ ಆಯ್ತು. ಕೇಳುಗರು ಮನೆಯಲ್ಲೇ ಇದ್ರು, ಫೋನ್ ಕೈಯಲ್ಲೇ ಇತ್ತು, ಆದ್ರೂ ಸಂಗೀತಗಾರರು, ಸೌಂಡ್ ಹುಡುಗರು, ಲೈಟಿನವರು ಎಲ್ಲರ ಕೆಲಸವೂ ಒಟ್ಟಿಗೇ ನಿಂತುಹೋಯ್ತು.

ಒಂದು ಕಾರ್ಯಕ್ರಮದ ಲೆಕ್ಕ

ಈಗ ಒಂದು ಲೆಕ್ಕ ಹಾಕೋಣ. ಇದು ಯಾವ ಬ್ಯಾಂಡಿನ ನಿಜವಾದ ಲೆಕ್ಕವೂ ಅಲ್ಲ, ಅರ್ಥ ಆಗ್ಲಿ ಅಂತ ನಾವೇ ಇಟ್ಕೊಂಡಿರೋ ಅಂಕಿಗಳು.

ಬೆಂಗಳೂರಿನ ಆರು ಜನರ ಬ್ಯಾಂಡ್. ಜೊತೆಗೆ ಒಬ್ಬ ಸೌಂಡ್ ಇಂಜಿನಿಯರ್, ಒಬ್ಬ ಮ್ಯಾನೇಜರ್. ಮೈಸೂರಲ್ಲಿ ಒಂದು ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷ ಅಂತ ಒಪ್ಪಿಗೆ ಆಯ್ತು. ಟೆಂಪೋ ಟ್ರಾವೆಲರ್‌ಗೆ 20,000. ಊಟ-ರೂಮು 16,000. ಸೌಂಡ್ ಇಂಜಿನಿಯರ್‌ಗೆ 10,000. ಪ್ರಾಕ್ಟೀಸ್ ರೂಮಿನ ಬಾಡಿಗೆ 8,000. ಮುಂದಿನ ರೆಕಾರ್ಡಿಂಗಿಗೂ ಮ್ಯಾನೇಜರ್‌ಗೂ ಸೇರಿ ಎತ್ತಿಡೋದು 16,000. ಒಟ್ಟು ಖರ್ಚು 70,000. ಉಳಿದ 80,000ವನ್ನ ಆರು ಜನ ಹಂಚ್ಕೊಂಡ್ರೆ ತಲಾ 13,300 ಚಿಲ್ಲರೆ. ತಿಂಗಳಿಗೆ ಇಂಥವು ಎರಡೇ ಸಿಕ್ಕಿದ್ರೆ ಬೆಂಗಳೂರಲ್ಲಿ ಮನೆ ಬಾಡಿಗೆ ಕಟ್ಟಿ ಉಳಿಯೋದು ಎಷ್ಟು, ನೀವೇ ಹೇಳಿ.

ಈಗ ಮಾರನೇ ದಿನ ಹುಣಸೂರಲ್ಲೋ ಕೆ.ಆರ್. ನಗರದಲ್ಲೋ ಇನ್ನೊಂದು ಕಾರ್ಯಕ್ರಮ ಇದೆ ಅಂದ್ಕೊಳ್ಳಿ. ಗಾಡಿ ಈಗಾಗಲೇ ಮೈಸೂರಲ್ಲೇ ಇದೆ, ಒಂದು ದಿನದ ಹೆಚ್ಚುವರಿ ಬಾಡಿಗೆ 8,000 ಸಾಕು. ಊಟ-ರೂಮು 16,000, ಇಂಜಿನಿಯರ್ 10,000. ಪ್ರಾಕ್ಟೀಸ್ ಖರ್ಚು ಮತ್ತೆ ಇಲ್ಲ. ಒಟ್ಟು 34,000. ಈ ಊರಿನವರು ಅರ್ಧ ದುಡ್ಡು, 75,000 ಕೊಟ್ರೂ ಬ್ಯಾಂಡಿಗೆ ಏನೋ ಉಳಿಯುತ್ತೆ. ಅದೇ ಕಾರ್ಯಕ್ರಮಕ್ಕಾಗಿ ಬೆಂಗಳೂರಿಂದ ಬೇರೆಯಾಗಿಯೇ ಬರಬೇಕು ಅಂದ್ರೆ 70,000 ಖರ್ಚಿಗೇ ಹೋಗಿ ಕೈಗೆ ಹೆಚ್ಚೇನೂ ಸಿಗಲ್ಲ.

ಗುಟ್ಟು ಇಷ್ಟೇ. ಸಣ್ಣ ಊರು ಒಂಟಿಯಾಗಿ ಕರೆದ್ರೆ ಬ್ಯಾಂಡಿಗೆ ದುಬಾರಿ, ದಾರಿಯಲ್ಲಿ ಸಿಕ್ಕಿದ್ರೆ ಲಾಭ. ಟೂರ್ ಅನ್ನೋದು ಊರುಗಳ ಪಟ್ಟಿ ಅಲ್ಲ, ಒಂದಕ್ಕೊಂದು ಹೊಂದಿಸಿದ ದಾರಿ.

ಅಭಿಮಾನಿಗಳು ಹುಟ್ಟೋದೂ ಈ ದಾರಿಯಲ್ಲೇ. ಮೊದಲ ಸಲ ನಲವತ್ತು ಜನ ಬರ್ತಾರೆ, ಅದರಲ್ಲಿ ಅರ್ಧ ಜನ ಮಾತಾಡ್ತಾ ನಿಂತಿರ್ತಾರೆ. ಹತ್ತು ಜನಕ್ಕೆ ಇಷ್ಟ ಆಗಿ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕ್ತಾರೆ. ಆರು ತಿಂಗಳಲ್ಲಿ ಬ್ಯಾಂಡ್ ಮತ್ತೆ ಬಂದ್ರೆ ಆ ಹತ್ತು ಜನ ತಮ್ಮ ಫ್ರೆಂಡ್ಸ್‌ನ ಕರ್ಕೊಂಡು ಬರ್ತಾರೆ. ಬರದೇ ಇದ್ರೆ ಆ ಸ್ಟೇಟಸ್ 24 ಗಂಟೆಗೆ ಮಾಯ.

ಈ ದಾರಿ ನಮಗೆ ಹೊಸದಾ?

ಖಂಡಿತ ಅಲ್ಲ. ಚುಂಚನಕಟ್ಟೆಯನ್ನೇ ತಗೊಳ್ಳಿ. ಕಾವೇರಿ ಇಲ್ಲಿ ಸುಮಾರು 60 ಅಡಿ ಎತ್ತರದಿಂದ ಧುಮುಕ್ತಾಳೆ, ಪಕ್ಕದಲ್ಲೇ ಕೋದಂಡರಾಮನ ಗುಡಿ. ಜನವರಿಯಲ್ಲಿ ಸಂಕ್ರಾಂತಿ ಆಸುಪಾಸು ಜಾನುವಾರು ಜಾತ್ರೆ. ಜೋಡಿ ಎತ್ತು ಮಾರೋಕೆ, ಕೊಳ್ಳೋಕೆ ರೈತರು ದೂರದಿಂದ ಬರ್ತಾರೆ. ಇದೇ ಕಾವೇರಿ ದಡದ ಕಪ್ಪಡಿಯಲ್ಲಿ ಶಿವರಾತ್ರಿಯಿಂದ ಯುಗಾದಿವರೆಗೆ ರಾಚಪ್ಪಾಜಿ ಜಾತ್ರೆ. ಅಲ್ಲಿಗೆ ಬರೋ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಮಂಟೇಸ್ವಾಮಿ ಕತೆಯನ್ನ ರಾತ್ರಿಯಿಡೀ ಹಾಡ್ತಾರೆ. ಅವರಿಗೆ ಒಕ್ಕಲು ಮನೆಗಳಿವೆ, ಅಲ್ಲಿ ಅವರು ಮನೆಯವರಿದ್ದ ಹಾಗೆ. ಈಗಿನ ಮಾತಲ್ಲಿ ಹೇಳೋದಾದ್ರೆ ಅದೇ ಅವರ ಫ್ಯಾನ್ ಬೇಸ್. ಆದ್ರೆ ಅಲ್ಲಿ ಭಕ್ತಿ ಇದೆ, ದೀಕ್ಷೆ ಇದೆ, ಅದನ್ನ ಬರೀ ಮನರಂಜನೆ ಜೊತೆ ಹೋಲಿಸೋದು ಪೂರ್ತಿ ಸರಿ ಆಗಲ್ಲ.

ಇನ್ನು ಕಂಪನಿ ನಾಟಕ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ 'ಕ್ಯಾಂಪ್' ಲೆಕ್ಕದಲ್ಲಿ ನಡೀತಿತ್ತು. ಒಂದು ಊರಲ್ಲಿ ಕಲೆಕ್ಷನ್ ಇರೋತನಕ ಆಟ, ಆಮೇಲೆ ಸಾಮಾನು ಕಟ್ಟಿ ಮುಂದಿನ ಊರು. ಡಾ. ರಾಜ್‌ಕುಮಾರ್ ಸಿನಿಮಾಗೆ ಬರೋ ಮುಂಚೆ ಪಳಗಿದ್ದು ಇಂಥ ಕಂಪನಿಯಲ್ಲೇ.

ಅಂದ್ರೆ ಸುತ್ತಾಡಿ ಕೇಳುಗರನ್ನ ಕಟ್ಟೋ ವಿದ್ಯೆ ಈ ನೆಲದಲ್ಲಿ ಮೊದಲಿಂದ ಇತ್ತು. ಇಂದಿನ ಬ್ಯಾಂಡ್‌ಗಳ ದಾರಿ ಮಾತ್ರ ಬೇರೆ ಆಗಿದೆ: ಬೆಂಗಳೂರು, ಪುಣೆ, ಮುಂಬೈ, ದೆಹಲಿ. ಮಟ್ಟು ಹಳ್ಳಿಯದ್ದು, ವೇದಿಕೆ ಮಹಾನಗರದ್ದು. ಸ್ವರಾತ್ಮದ ಮೊದಲ ಆಲ್ಬಂನಲ್ಲಿ 'ಪ್ಯಾಸಿ' ಅಂತ ಒಂದು ಹಾಡಿದೆ. ಹಿಂದಿಯಲ್ಲಿರೋ ಆ ಹಾಡು ಕಾವೇರಿ ನೀರಿನ ಜಗಳದ ಬಗ್ಗೆ. ಅದು ಕಾವೇರಿ ದಡದ ಚುಂಚನಕಟ್ಟೆಯಲ್ಲಿ, ನೀರಿನ ಸದ್ದಿನ ಪಕ್ಕದಲ್ಲಿ ಕೇಳಿಸಿದ್ರೆ ಹೇಗಿರುತ್ತೆ ಅಂತ ಒಂದು ಸಲ ಯೋಚನೆ ಮಾಡಿ.

ಹಾಗಾದ್ರೆ ಏನು ಮಾಡ್ಬಹುದು?

ಚುಂಚನಕಟ್ಟೆ ಜಲಪಾತೋತ್ಸವ ನಡೆದಾಗ ವೇದಿಕೆ, ಸೌಂಡು, ಲೈಟು ಎಲ್ಲ ಇರುತ್ತೆ. ಇಂಥ ಉತ್ಸವಗಳಲ್ಲಿ ಸಾಮಾನ್ಯವಾಗಿ ಸಿನಿಮಾ ಹಾಡಿನ ರಸಮಂಜರಿಗೆ ದೊಡ್ಡ ಹೊತ್ತು ಸಿಗುತ್ತೆ. ಅದು ಇರ್ಲಿ, ಜನಕ್ಕೆ ಬೇಕು. ಅದರ ಮುಂಚೆ ನಲವತ್ತು ನಿಮಿಷ ಸ್ವಂತ ಹಾಡು ಮಾಡೋ ಬ್ಯಾಂಡಿಗೆ, ಅದರ ಜೊತೆಗೆ ನಮ್ಮ ಕಡೆಯ ತಂಬೂರಿ ಪದದವರಿಗೆ, ಸರಿಯಾದ ಸಂಭಾವನೆ ಕೊಟ್ಟು ಜಾಗ ಮಾಡ್ಬಹುದು. ನೆನಪಿರ್ಲಿ, ಮಟ್ಟು ಅವರದ್ದು. ಬ್ಯಾಂಡಿಗೆ ಚೆಕ್ಕು, ಅವರಿಗೆ ಬರೀ ಶಾಲು-ಹಾರ ಅಂದ್ರೆ ನ್ಯಾಯ ಅಲ್ಲ.

ಎರಡನೇದು, ಕಾಲೇಜುಗಳು. ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣದ ಕಾಲೇಜುಗಳು ತಮ್ಮ ಕಾಲೇಜ್ ಡೇ ದಿನಾಂಕಗಳನ್ನ ಒಂದೇ ವಾರಕ್ಕೆ ಹೊಂದಿಸಿದ್ರೆ? ಒಬ್ಬೊಬ್ಬರೇ ಕರೆದ್ರೆ ಆಗದ್ದು, ಮೂವರು ಸೇರಿ ಕರೆದ್ರೆ ಒಂದು ಪುಟ್ಟ ಟೂರೇ ಆಗುತ್ತೆ. ಮುಂದೆ ಮಡಿಕೇರಿಗೂ ದಾರಿ ಇದೆ. ಮೇಲೆ ಹಾಕಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತೆ.

ಮೂರನೇದು, ನೀವೇ ಬ್ಯಾಂಡ್ ಕಟ್ಟಿರೋರಾದ್ರೆ. ಹತ್ತು ಊರಿಗೆ ಒಂದೊಂದು ಸಲ ಹೋಗೋದಕ್ಕಿಂತ ಮೂರು ಊರಿಗೆ ಮೂರು ಮೂರು ಸಲ ಹೋಗಿ. ಬಂದವರ ನಂಬರ್ ಕೇಳಿ ಬರ್ಕೊಳ್ಳಿ, ಮುಂದಿನ ಸಲ ಬರೋ ಮುಂಚೆ ಮೆಸೇಜ್ ಹಾಕಿ. ಸ್ವಂತ ಹಾಡುಗಳಿದ್ರೆ ಐ.ಪಿ.ಆರ್.ಎಸ್. ಸಂಸ್ಥೆಯಲ್ಲಿ ಸದಸ್ಯರಾಗಿ, ಸಾಹಿತ್ಯ-ಸಂಗೀತ ಬರೆದವರ ರಾಯಲ್ಟಿ ಸಂಗ್ರಹಿಸೋದು ಅದೇ.

ಕೇಳುಗರಿಗೆ ಒಂದೇ ಕೆಲಸ. ನಿಮಗೆ ಇಷ್ಟದ ಬ್ಯಾಂಡಿನ ಪೇಜಿಗೆ ಹೋಗಿ, "ನಮ್ಮ ಊರು ಇಂಥದ್ದು, ಮೈಸೂರಿಗೆ ಬಂದಾಗ ಈ ಕಡೆನೂ ಬನ್ನಿ" ಅಂತ ಬರೀರಿ. ಒಬ್ಬರು ಬರೆದ್ರೆ ಅದು ಕಾಮೆಂಟು. ಇನ್ನೂರು ಜನ ಬರೆದ್ರೆ ಮ್ಯಾನೇಜರ್ ಮ್ಯಾಪ್ ತೆಗೆದು ಮೈಸೂರಿಂದ ಎಷ್ಟು ದೂರ ಅಂತ ನೋಡ್ತಾರೆ.

ಈ ಸಂಚಿಕೆ ಇಷ್ಟೇ. ನಿಮ್ಮೂರಿನ ಜಾತ್ರೆಯಲ್ಲಿ ಯಾರ ಹಾಡು ಕೇಳಬೇಕು ಅನ್ಸುತ್ತೆ? ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.