ಓಡಿಸೋದು ನಾವು, ನಿಲ್ಲೋದು ಅದು!

ಎರಡು, ಒಂದು, ಮೂರು! ಈಗ ತಾನೇ ಒಂದು, ಎರಡು, ಮೂರು ಅಂತ ಬಂದಿತ್ತಲ್ಲ!

"ಮಾಮ, ನಾನು ಕೋಡ್ ಮುಟ್ಟೇ ಇಲ್ಲ!" ಅಕ್ಕನ ಮಗಳ ಕಣ್ಣು ಅಗಲ. ಹೇರೋಹಳ್ಳಿಯ ಅವರ ಮನೆಯಲ್ಲಿ ವಿಟಿಯು ಮೂರನೇ ಸೆಮಿಸ್ಟರ್ ಜಾವಾ ಲ್ಯಾಬಿನ ಪ್ರೋಗ್ರಾಂ ಓಡುತ್ತಿದೆ. ರನ್ನಬಲ್ ಬಳಸಿ ಥ್ರೆಡ್ಡುಗಳನ್ನು, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳನ್ನು, ಹುಟ್ಟಿಸಬೇಕು, ಪ್ರತಿಯೊಂದೂ 500 ಮಿಲಿಸೆಕೆಂಡ್ ಮಲಗಿ ಎದ್ದು ತನ್ನ ಹೆಸರು ಬರೆಯಬೇಕು. ಅಷ್ಟೇ! ಯಾವುದು ಮೊದಲು ಏಳುತ್ತದೋ, ಬರೆದವಳಿಗೂ ಗೊತ್ತಿಲ್ಲ.

ಸ್ಟಾರ್ಟ್ ಅಳಿಸಿ ನೇರವಾಗಿ ರನ್ ಕರೆದಳು. ಎರರ್ ಇಲ್ಲ, ಆದರೆ ಎಲ್ಲ ಸಾಲಿನಲ್ಲೂ ಒಂದೇ ಹೆಸರು: ಮೇನ್! ಹೊಸ ಥ್ರೆಡ್ ಓಡಲೇ ಇಲ್ಲ. ರನ್ ಬರೀ ಮೆಥಡ್. ಜೀವ ಕೊಡುವುದು ಸ್ಟಾರ್ಟ್. ಅದೂ ಒಂದೇ ಸಲ. ಅದೇ ಆಬ್ಜೆಕ್ಟಿಗೆ ಮತ್ತೆ ಸ್ಟಾರ್ಟ್ ಅಂದರೆ ಜಾವಾ ಎಕ್ಸೆಪ್ಷನ್ ಎಸೆಯುತ್ತದೆ.

ನಿಜವಾದ ಬೆರಗು ಇರುವುದು ನಿಲ್ಲಿಸುವುದರಲ್ಲಿ. ಸ್ಟಾಪ್ ಅನ್ನುವ ಮೆಥಡ್ ಜಾವಾದಲ್ಲಿ ಮೊದಲಿಂದಲೂ ಇತ್ತು. 1998ರಲ್ಲಿ ಬಂದ 1.2ನೇ ಆವೃತ್ತಿಯೇ 'ಇದನ್ನು ಬಳಸಬೇಡಿ' ಅಂದಿತು. 2023ರ ಜಾವಾ 20ರಲ್ಲಿ ಅದನ್ನು ಕರೆದರೆ ಎಕ್ಸೆಪ್ಷನ್ ಬರುವಂತಾಯಿತು, ಥ್ರೆಡ್ ನಿಲ್ಲದಾಯಿತು! ಯಾಕೆ? ಥ್ರೆಡ್ಡೊಂದು ಲಾಕ್ ಹಿಡಿದು ನಿಮ್ಮ ಖಾತೆಯಿಂದ 500 ರೂಪಾಯಿ ಕಳೆದಿದೆ, ನನ್ನ ಖಾತೆಗೆ ಇನ್ನೂ ಕೂಡಿಲ್ಲ ಅಂದುಕೊಳ್ಳಿ. ಆ ಗಳಿಗೆಯಲ್ಲೇ ಸ್ಟಾಪ್ ಬಿತ್ತು! ಹಿಡಿದ ಲಾಕೆಲ್ಲ ತಾನಾಗಿ ಬಿಟ್ಟುಹೋಗುತ್ತದೆ, ಆ ಅರೆಬರೆ ಲೆಕ್ಕವನ್ನೇ ಉಳಿದ ಥ್ರೆಡ್ಡುಗಳು ನಿಜವೆಂದು ಓದುತ್ತವೆ. ದುಡ್ಡು ಎರಡೂ ಕಡೆ ಇಲ್ಲ. ಇಂಥ ಅಪಾಯ ಕಂಡು ಒಂದು ಭಾಷೆ ತನ್ನದೇ ಅಸ್ತ್ರವನ್ನು ಕೆಳಗಿಟ್ಟಿತಲ್ಲ, ನನಗಂತೂ ರೋಮಾಂಚನ!

ಉಳಿದದ್ದು ಇಂಟರಪ್ಟ್. ಅದು ಅಪ್ಪಣೆಯಲ್ಲ, ಕೋರಿಕೆ. 'ಸಾಕು ಅಂದಿದ್ದಾರೆ' ಅಂತ ಒಂದು ಗುರುತು ಏಳುತ್ತದೆ. ಓಡುತ್ತಿರುವ ಥ್ರೆಡ್ ಅದನ್ನು ತಾನೇ ನೋಡಿಕೊಳ್ಳಬೇಕು. ಮಲಗಿದ್ದರೆ ಸ್ಲೀಪ್ ಮುರಿದು ಇಂಟರಪ್ಟೆಡ್ ಎಕ್ಸೆಪ್ಷನ್ ಬರುತ್ತದೆ, ಜೊತೆಗೆ ಗುರುತೂ ಅಳಿಸಿಹೋಗುತ್ತದೆ! ಆ ಎಕ್ಸೆಪ್ಷನ್ ಹಿಡಿಯುವ ಕ್ಯಾಚನ್ನು ಅಕ್ಕನ ಮಗಳು ಖಾಲಿ ಬಿಟ್ಟಳು: ಥ್ರೆಡ್ ಎದ್ದು, ಏನೂ ಆಗದ ಹಾಗೆ ಲೂಪಿನಲ್ಲಿ ಮತ್ತೆ ಓಡಿತು. ಕ್ಯಾಚಿನೊಳಗೆ ರಿಟರ್ನ್ ಹಾಕಿದಳು: ನಿಂತಿತು! ಸ್ಥಿತಿ ಕೇಳಿದರೆ 'ಟರ್ಮಿನೇಟೆಡ್'.

ಈಗ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ಡುಗಳು ಬಂದಿವೆ, ಒಂದೇ ಪ್ರೋಗ್ರಾಮಿನಲ್ಲಿ ಲಕ್ಷಗಟ್ಟಲೆ ಹುಟ್ಟಿಸಬಹುದು. ಅವುಗಳಲ್ಲಿ ಒಂದನ್ನು ನಿಲ್ಲಿಸಬೇಕೆಂದರೂ ಇಂಟರಪ್ಟ್ ಮಾಡಿ ಕೇಳಿಕೊಳ್ಳಬೇಕು!