ವಕ್ಕಲೇರಿ ರಸ್ತೆಯ ಗಾಳಿ ಲೆಕ್ಕ

ಪುಷ್ಯ ಮಾಸದಲ್ಲಿ ವಕ್ಕಲೇರಿಗೆ ಬಿಸಿಲು ನಿಧಾನವಾಗಿ ಇಳಿಯುತ್ತದೆ. ಮಾರ್ಕಂಡೇಶ್ವರ ಬೆಟ್ಟದ ಬಂಡೆಗಳು ಹೊಳೆಯತೊಡಗಿದರೂ ರಸ್ತೆ ಬದಿಯ ಮರಗಳ ಕೆಳಗೆ ಚಳಿ ಬಿಟ್ಟಿರುವುದಿಲ್ಲ. ಡೇರಿಗೆ ಹಾಲು ಹಾಕಿ ಮರಳುವ ಬೈಕುಗಳು, ಕೋಲಾರದ ಮಾರುಕಟ್ಟೆಗೆ ಟೊಮೆಟೊ ಕ್ರೇಟು ಹೇರಿಕೊಂಡು ಹೊರಟ ಪಿಕಪ್‌ಗಳು, ನರಸಾಪುರದ ಕಾರ್ಖಾನೆಗಳ ಕಡೆಗೆ ಹೋಗುವ ಬಸ್ಸುಗಳು. ಇವುಗಳ ನಡುವೆ ಪಂಚರ್ ಅಂಗಡಿಯ ಕಂಪ್ರೆಸರ್ ಆಗಲೇ ದಡದಡ ಎನ್ನುತ್ತಿರುತ್ತದೆ. ಒಂದು ಕಡೆ ಹಳೆಯ ಟೈರುಗಳ ರಾಶಿ, ಇನ್ನೊಂದು ಕಡೆ ಟ್ಯೂಬು ಮುಳುಗಿಸಿ ಮುಳುಗಿಸಿ ಕಪ್ಪಾದ ನೀರಿನ ತೊಟ್ಟಿ.

ಇಂಥ ಚಳಿಯ ಬೆಳಗಿನಲ್ಲೇ ಕಾರಿನವರು ಹೆಚ್ಚು ಬರುತ್ತಾರೆ. “ಅಣ್ಣಾ, ರಾತ್ರಿ ಚೆನ್ನಾಗೇ ಇತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಇದೊಂದು ಲೈಟು ಹತ್ತ್‌ಕೊಂಡಿದೆ, ನೋಡು.” ಸ್ಟೀರಿಂಗ್ ಹಿಂದೆ ಹಳದಿ ಗುರುತು: ಕುದುರೆ ಲಾಳದಂಥ ಗೆರೆ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಅಂಗಡಿಯವನು ಮಾತಾಡದೆ ಗೇಜು ತೆಗೆದುಕೊಂಡು ಕೂರುತ್ತಾನೆ. ವಾಲ್ವಿನ ಮುಚ್ಚಳ ಬಿಚ್ಚಿ, ಒತ್ತಿ, ಮುಳ್ಳು ನೋಡಿ, ಮುಂದಿನ ಚಕ್ರಕ್ಕೆ ಸರಿಯುತ್ತಾನೆ. ನೋಡಬೇಕಾದ ಕ್ರಮವೂ ಅದೇ.

ರಾತ್ರೋರಾತ್ರಿ ಗಾಳಿ ಹೋದದ್ದೆಲ್ಲಿಗೆ? ಎಷ್ಟೋ ಸಲ ಎಲ್ಲಿಗೂ ಹೋಗಿರುವುದಿಲ್ಲ. ಹತ್ತು ಡಿಗ್ರಿ ಚಳಿ ಹೆಚ್ಚಿದರೆ ಟೈರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಮೊದಲೇ ಕಡಿಮೆ ಇದ್ದ ಟೈರು ಬೆಳಗಿನ ಜಾವದಲ್ಲಿ ಎಚ್ಚರಿಕೆಯ ಗೆರೆ ದಾಟುತ್ತದೆ. ನಾಲ್ಕಾರು ಮೈಲಿ ಓಡಿ ಬಿಸಿಯಾದ ಮೇಲೆ ದೀಪ ಆರಿದರೆ, ತೊಂದರೆ ಹೋಯಿತೆಂದು ತಿಳಿಯಬಾರದು. ಬಿಸಿ ಅದನ್ನು ಮುಚ್ಚಿದೆ, ಅಷ್ಟೆ.

ದೀಪಕ್ಕೆ ಸುದ್ದಿ ಮುಟ್ಟುವ ದಾರಿ ಎರಡು. ಕೆಲವು ಕಾರುಗಳಲ್ಲಿ ಪ್ರತಿ ಚಕ್ರದೊಳಗೂ, ಸಾಮಾನ್ಯವಾಗಿ ವಾಲ್ವಿನ ಬುಡದಲ್ಲೇ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಒತ್ತಡವನ್ನೂ ಬಿಸಿಯನ್ನೂ ಅಳೆದು ರೇಡಿಯೊ ಅಲೆಯಲ್ಲಿ ಕಳಿಸುತ್ತದೆ. ಚಕ್ರ ನಿಂತಾಗ ಮಲಗಿ, ಉರುಳತೊಡಗಿದಾಗ ಏಳುತ್ತದೆ. ಅದರ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಟೈರು ಬಿಚ್ಚುವ ಹುಡುಗನಿಗೆ ಇದನ್ನು ಮೊದಲೇ ಹೇಳಬೇಕು. ಕಬ್ಬಿಣದ ಪಟ್ಟಿ ವಾಲ್ವಿನ ಪಕ್ಕ ಹಾಕಿ ಎತ್ತಿದರೆ ಸೆನ್ಸರ್ ಮುರಿಯುತ್ತದೆ.

ಉಳಿದ ಕಾರುಗಳಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಗಾಳಿ ಕಡಿಮೆಯಾದ ಟೈರಿನ ಸುತ್ತಳತೆ ತುಸು ಕುಗ್ಗುತ್ತದೆ, ಹಾಗಾಗಿ ಆ ಚಕ್ರ ಉಳಿದವಕ್ಕಿಂತ ಹೆಚ್ಚು ಸುತ್ತು ಸುತ್ತುತ್ತದೆ. ಎಬಿಎಸ್ ಬ್ರೇಕಿನ ಸೆನ್ಸರುಗಳು ಹೇಗೂ ಈ ಸುತ್ತು ಎಣಿಸುತ್ತಿರುತ್ತವೆ. ಕಾರಿನ ಕಂಪ್ಯೂಟರ್ ಅವನ್ನು ಹೋಲಿಸಿ ದೀಪ ಹೊತ್ತಿಸುತ್ತದೆ. ಬಹಳ ಜಾಣ್ಮೆಯ ಲೆಕ್ಕ. ಆದರೆ ಯಾವುದು ಸರಿ ಎಂಬುದನ್ನು ಅದಕ್ಕೆ ನಾವೇ ಕಲಿಸಬೇಕು. ರೀಸೆಟ್ ಒತ್ತುವುದೆಂದರೆ ಅದೇ: ಈಗಿರುವ ಗಾಳಿಯೇ ಸರಿಯಾದ ಗಾಳಿ ಎಂದು ಕಾರಿಗೆ ಮಾತು ಕೊಡುವುದು.

ದೀಪ ಕಣ್ಣಿಗೆ ಕಿರಿಕಿರಿಯೆಂದು ಗಾಳಿ ನೋಡದೆ ರೀಸೆಟ್ ಒತ್ತಿದರೆ ಕಾರು ಕಡಿಮೆ ಗಾಳಿಯನ್ನೇ ಸರಿಯೆಂದು ನಂಬಿಬಿಡುತ್ತದೆ. ಟೈರು ತಣ್ಣಗಿರುವಾಗ ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟು ಗಾಳಿ ತುಂಬಿಸಿ, ಆಮೇಲೆ ಒತ್ತಬೇಕು. ಟೈರು ಬದಲಿಸಿದಾಗ, ಹಿಂದು ಮುಂದು ಮಾಡಿದಾಗ, ಪಂಚರ್ ಹಾಕಿಸಿದಾಗಲೂ ಹಾಗೆಯೇ. ಒಳಗೆ ಸೆನ್ಸರ್ ಇರುವ ಕಾರಾದರೆ ಗಾಳಿ ತುಂಬಿಸಿ ಸ್ವಲ್ಪ ದೂರ ಓಡಿಸಿದರೆ ಸಾಮಾನ್ಯವಾಗಿ ದೀಪ ತಾನೇ ಆರುತ್ತದೆ. ದೀಪ ನಿಮಿಷದಷ್ಟು ಹೊತ್ತು ಮಿಣುಕಿ ಆಮೇಲೆ ಉರಿದೇ ನಿಂತರೆ ಕೆಟ್ಟಿರುವುದು ವ್ಯವಸ್ಥೆ. ಅದಕ್ಕೆ ಗಾಳಿ ಮದ್ದಲ್ಲ.

ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳು ಸಿಡಿದು ಸರಣಿ ಸಾವುಗಳಾದ ಮೇಲೆ 2000ದಲ್ಲಿ ಈ ದೀಪಕ್ಕೆ ದಾರಿ ಮಾಡಿದ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯವಾಯಿತು. ಅಲ್ಲಿಯ ನಿಯಮದಂತೆ ಒತ್ತಡ ಶೇ. 25ರಷ್ಟು ಇಳಿದಾಗ ದೀಪ ಹೊತ್ತಿದರೆ ಸಾಕು. ಅಂದರೆ 32 ಪಿಎಸ್‌ಐ ಬೇಕಾದ ಟೈರು 24ಕ್ಕೆ ಇಳಿಯುವವರೆಗೂ ಅದು ಸುಮ್ಮನಿರಬಹುದು. ಆ ಹೊತ್ತಿಗೆ ಟೈರಿನ ಪಕ್ಕೆ ಬಾಗಿ ಬಾಗಿ ಕಾಯತೊಡಗಿರುತ್ತದೆ.

ಊರ ರಸ್ತೆಯ ಗುಂಡಿಗಳಲ್ಲಿ ನಿಧಾನವಾಗಿ ಹೋಗುವಾಗ ಇದು ಗೊತ್ತಾಗುವುದಿಲ್ಲ. ಆದರೆ ಈಗ ಮಾಲೂರಿನ ಬಳಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗಿದೆ, ಅದರ ಕರ್ನಾಟಕದ ಭಾಗದಲ್ಲಿ ಕಾರುಗಳು ಓಡುತ್ತಿವೆ. ಗುಂಡಿಯ ದಾರಿಯಲ್ಲಿ ಗಾಳಿ ಕಳೆದುಕೊಂಡ ಟೈರು ಅರ್ಧ ಗಂಟೆಯೊಳಗೆ ಆ ರಸ್ತೆಯ ಮೇಲೆ ಗಂಟೆಗೆ ನೂರು ಕಿಲೋಮೀಟರಿನಲ್ಲಿ ಉರುಳುತ್ತಿರುತ್ತದೆ. ಟೈರು ಸಿಡಿಯುವುದು ಅಲ್ಲಿ.

ನಮ್ಮಲ್ಲಿ 2020ರ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟೈರು, ಈ ದೀಪದ ವ್ಯವಸ್ಥೆ, ಪಂಚರ್ ಕಿಟ್ ಮೂರೂ ಇರುವ ಕಾರಿಗೆ ಸ್ಟೆಪ್ನಿ ಬೇಕೆಂದಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ. ಪಕ್ಕೆ ಹರಿದ ಟೈರಿಗೆ ಯಾವ ಕಿಟ್ಟೂ ಆಗದು. ಸ್ಟೆಪ್ನಿ ಇರುವವರು ಅದರ ಗಾಳಿಯನ್ನೂ ನೋಡಿಸಿ. ಎಷ್ಟೋ ಕಾರುಗಳಲ್ಲಿ ದೀಪ ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿರುವುದಿಲ್ಲ. ದೀಪ ಹೊತ್ತಲಿ ಬಿಡಲಿ, ಎಕ್ಸ್‌ಪ್ರೆಸ್‌ವೇ ಹತ್ತುವ ಮೊದಲು ಊರಲ್ಲೇ, ಟೈರು ತಣ್ಣಗಿರುವಾಗ, ಐದೂ ಚಕ್ರಕ್ಕೆ ಗೇಜು ಹಿಡಿಸಿ ಹೊರಡಿ.